ಅಟ್ಟೆಯ ಮೇಲೆ ಯಾರ ಹೆಸರು?

ನಮ್ಮ ಓಣಿಯ ಹುಡುಗಿಯೊಬ್ಬಳು ಬೆಂಗಳೂರಿಗೆ ಹೋಗಿ ಪಾದರಕ್ಷೆ ವಿನ್ಯಾಸದ ಡಿಪ್ಲೊಮಾ ಮುಗಿಸಿದಳು. ಅವಳ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲು. ಕಂಪನಿಯ ನೌಕರಿ ಬೇಡ, ನನ್ನದೇ ಹೆಸರಿನಲ್ಲಿ ಚಪ್ಪಲಿ ಮಾಡಿ ಮಾರಿ ಬದುಕುತ್ತೇನೆ ಅಂತ ಹಟ ಹಿಡಿದಳು. ಊರಿಗೆ ಬಂದು, ತನ್ನ ಮುತ್ಯಾನ ಅಡಿಗಲ್ಲಿನ ಮುಂದೆ ಕೂತು, ಎಂಟು ತಿಂಗಳಲ್ಲಿ ಐದು ಹೊಸ ನಮೂನೆ ಮಾಡಿದಳು. ಅವನ್ನು ಚೀಲಕ್ಕೆ ತುಂಬಿಕೊಂಡು ಬೆಂಗಳೂರಿನ ಒಂದು ದೊಡ್ಡ ಪ್ರದರ್ಶನಕ್ಕೆ ಹೋದಳು. ತಿರುಗಿ ಬಂದ ದಿನ ಸಂಜೆ ನಮ್ಮ ಕಟ್ಟೆಗೆ ಬಂದು ಕೂತಳು.

"ಅಣ್ಣಾ, ನಾನೂ ನನ್ನ ಕ್ಲಾಸಿನ ಹುಡುಗೀನೂ ಬಾಜೂಬಾಜೂ ಮಳಿಗಿ ಹಾಕಿದ್ವಿ. ಆಕಿ ಹೆಸರಿನ ಕೆಳಗ 'ಡಿಸೈನರ್' ಅಂತ ಬರದಿದ್ರು. ನನ್ನ ಹೆಸರಿನ ಕೆಳಗ 'ಆರ್ಟಿಸನ್' ಅಂತ ಬರದಿದ್ರು. ಇಬ್ಬರೂ ಒಂದ ವರ್ಗದಾಗ ಕಲ್ತೀವಿ. ಒಂದ ಮಾಸ್ತರ ಕಡಿಂದ ಮಾರ್ಕ್ಸ್ ತಗೊಂಡೀವಿ. ಮತ್ತ ಇದೇನಿದು?"

ನಾವು ಕವಿತೆ ಬರೆಯುವವರು. ನಾಲ್ಕು ವಿಮರ್ಶೆಯ ಪುಸ್ತಕ ಓದಿಕೊಂಡವರು. ಆದರೂ ಆ ಹುಡುಗಿಯ ಪ್ರಶ್ನೆಗೆ ಆ ಸಂಜೆ ನಮ್ಮಲ್ಲಿ ಉತ್ತರ ಇರಲಿಲ್ಲ. ಇಲ್ಲಿ ಬರೆದದ್ದು ಆ ಉತ್ತರಕ್ಕಾಗಿ ನಡೆಸಿದ ಹುಡುಕಾಟ.

1

ಕನ್ನಡ ವಿಮರ್ಶೆ ನವ್ಯದ ಕಾಲದಿಂದಲೂ 'ಆಕೃತಿ, ಆಕೃತಿ' ಅಂತ ಜಪ ಮಾಡಿಕೊಂಡು ಬಂದಿದೆ. ಕವಿತೆಯಲ್ಲಿ ಒಂದು ಪದ ಹೆಚ್ಚಿರಬಾರದು, ಒಂದು ಪದ ಕಮ್ಮಿಯಾಗಬಾರದು ಅಂತ ಪಾಠ ಹೇಳಿದೆ. ಸರಿ. ಹಾಗಾದರೆ ಅಥಣಿಯ ಸಮಗಾರ ಓಣಿಯಲ್ಲಿ ತಯಾರಾಗುವ ಒಂದು ಜೋಡಿ ಚಪ್ಪಲಿಯನ್ನು ಕೃತಿ ಅಂತ ಓದಿ ನೋಡೋಣ.

ಹಸಿ ತೊಗಲನ್ನು ಸುಣ್ಣದಲ್ಲಿ ನೆನೆ ಹಾಕಿ ಕೂದಲು ತೆಗೆಯಬೇಕು. ಜಾಲಿಯ ತೊಗಟೆ, ಅಳಲೆಕಾಯಿ ಹಾಕಿದ ನೀರಿನಲ್ಲಿ ಹದ ಮಾಡಬೇಕು. ಹಳೆಯ ಪದ್ಧತಿಯಲ್ಲಿ ತೊಗಲನ್ನೇ ಚೀಲದ ಹಾಗೆ ಹೊಲಿದು, ಒಳಗೆ ಆ ನೀರು ತುಂಬಿ ತೂಗು ಹಾಕುತ್ತಿದ್ದರು. ಅಟ್ಟೆಗೆ ಎಮ್ಮೆ ತೊಗಲು ಬೇಕು, ಅದು ದಪ್ಪ. ಸಾಂಪ್ರದಾಯಿಕ ಜೋಡಿಯಲ್ಲಿ ಒಂದು ಮೊಳೆ ಇಲ್ಲ. ತೊಗಲನ್ನು ತೊಗಲಿನ ಎಳೆಯಿಂದಲೇ ಹೊಲಿಯುತ್ತಾರೆ. ಗಂಡಸರು ಅಟ್ಟೆ ಕತ್ತರಿಸುತ್ತಾರೆ. ಬಾರಿನ ಹೆಣಿಗೆ, ತೂತಿನ ಚಿತ್ತಾರ, ಮೇಲಿನ ಅಲಂಕಾರದ ಕೆಲಸ ಹೆಚ್ಚಾಗಿ ಹೆಂಗಸರದು. ಹೆಬ್ಬೆರಳನ್ನು ಹಿಡಿಯುವ ಉಂಗುಟ ಒಂದು ಎಳೆ ಬಿಗಿಯಾದರೆ ಕಾಲು ಕಚ್ಚುತ್ತದೆ, ಒಂದು ಎಳೆ ಸಡಿಲಾದರೆ ಜಾರುತ್ತದೆ. ಒಂದು ಪದ ಹೆಚ್ಚಿಲ್ಲ, ಒಂದು ಪದ ಕಮ್ಮಿಯಿಲ್ಲ! ಇದಕ್ಕಿಂತ ಬಿಗಿಯಾದ ಆಕೃತಿ ಯಾವ ನವ್ಯ ಕವಿತೆಯಲ್ಲಿದೆ?

ಕೆಲವು ನಮೂನೆಗಳನ್ನು ನಡೆದಾಗ ಕರ್ರ್ ಕರ್ರ್ ಅಂತ ಸದ್ದು ಬರುವ ಹಾಗೆ ಹೊಲಿಯುತ್ತಾರೆ. ಹಾಕಿಕೊಂಡವರು ಬರುತ್ತಿದ್ದಾರೆ ಅಂತ ಬೀದಿಗೆ ಗೊತ್ತಾಗಲಿ ಅಂತ. ಆ ಸದ್ದನ್ನು ಕಟ್ಟಿದ ನಮ್ಮ ಹಿರೀಕರು ಗೌಡರ ಮನೆ ಮುಂದೆ ಹೋಗುವಾಗ ತಮ್ಮ ಮೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು, ಸದ್ದಿಲ್ಲದೆ ದಾಟಬೇಕಿತ್ತು. ಮಾಡಿದವನ ಕಾಲಿಗೇ ಸಲ್ಲದ ಕೃತಿ ಇದು. ಆಕೃತಿಯ ಬಗ್ಗೆ ಇಷ್ಟು ಮಾತಾಡಿದ ವಿಮರ್ಶಕರು ಈ ಆಕೃತಿಯನ್ನು ನೋಡಲಿಲ್ಲ ಯಾಕೆ? ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗಿ ಕೂತಿದ್ದರು, ಅದಕ್ಕೆ.

2

2025ರ ಜೂನಿನಲ್ಲಿ ಇಟಲಿಯ ಮಿಲಾನಿನಲ್ಲಿ ಪ್ರಾಡಾ ಕಂಪನಿ ತನ್ನ ಗಂಡಸರ ಉಡುಪಿನ ಪ್ರದರ್ಶನ ಮಾಡಿತು. ಮಾಡೆಲ್‌ಗಳ ಕಾಲಲ್ಲಿ ಇದ್ದದ್ದು ನಮ್ಮ ಉಂಗುಟದ ಚಪ್ಪಲಿ. ಕಂಪನಿ ಅದನ್ನು ಕರೆದದ್ದು 'ಲೆದರ್ ಸ್ಯಾಂಡಲ್' ಅಂತ. ಕೊಲ್ಹಾಪುರ ಇಲ್ಲ, ಅಥಣಿ ಇಲ್ಲ, ನಿಪ್ಪಾಣಿ ಇಲ್ಲ. ಗದ್ದಲ ಎದ್ದಿತು. ಆಮೇಲೆ ಕಂಪನಿ, ಹೌದು, ಇದಕ್ಕೆ ಪ್ರೇರಣೆ ಭಾರತದ ಕೈಕಸುಬಿನ ಪಾದರಕ್ಷೆ ಅಂತ ಪತ್ರ ಬರೆದು ಒಪ್ಪಿಕೊಂಡಿತು.

ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತಿನ, ಅಂದರೆ ಜಿಐ, ನೋಂದಣಿ ಇದೆ. ಅದು ಮಹಾರಾಷ್ಟ್ರದ್ದು ಮಾತ್ರ ಅಂತ ತಿಳಿದವರು ಬಹಳ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸೊಲ್ಲಾಪುರ, ಸಾತಾರಾ ಒಂದು ಕಡೆ. ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಇನ್ನೊಂದು ಕಡೆ. ಎರಡು ರಾಜ್ಯಗಳ ಎಂಟು ಜಿಲ್ಲೆಗೆ ಸೇರಿದ ಹಕ್ಕು ಅದು. ಗಡಿಗಾಗಿ ಬಡಿದಾಡುವ ಎರಡು ಸರ್ಕಾರಗಳು ನಮ್ಮ ಜನರ ಚಪ್ಪಲಿಯಲ್ಲಿ ಮಾತ್ರ ಒಂದಾಗಿವೆ!

ಆದರೆ ಗೆಳೆಯರೇ, ಈ ಜಿಐ ಕಾನೂನನ್ನು ನಾವು ಸ್ವಲ್ಪ ಹತ್ತಿರದಿಂದ ಓದಬೇಕು. 1999ರ ಈ ಕಾಯ್ದೆ ಕಾಯುವುದು ಹೆಸರನ್ನು. ಬೇರೆ ಕಡೆ ಮಾಡಿದ ಮಾಲಿಗೆ 'ಕೊಲ್ಹಾಪುರಿ' ಅಂತ ಹೆಸರು ಹಚ್ಚಿ ಮಾರಿದರೆ ಅದು ತಪ್ಪು. ಹೆಸರು ಹಚ್ಚದೆ ಆಕೃತಿಯನ್ನಷ್ಟೇ ಎತ್ತಿಕೊಂಡು ಹೋದರೆ ಈ ಕಾಯ್ದೆಯ ಕೈ ಅಲ್ಲಿಗೆ ಮುಟ್ಟುವುದು ಕಷ್ಟ. ಆಕೃತಿಯನ್ನು ಕಾಯಲಿಕ್ಕೆ 2000ದ ಡಿಸೈನ್ಸ್ ಕಾಯ್ದೆ ಬೇರೆ ಇದೆ. ಅದು ಕೊಡುವುದು ಹತ್ತು ವರ್ಷ, ಮುಂದುವರಿಸಿದರೆ ಇನ್ನೈದು. ಅದೂ ಆಕೃತಿ ಹೊಸದಾಗಿದ್ದರೆ ಮಾತ್ರ. ನಮ್ಮ ಮುತ್ಯಾ, ಅವನ ಮುತ್ಯಾ ಹೊಲಿದದ್ದು ಹಳೆಯದು. ಹಳೆಯದು ಅಂದ ಮೇಲೆ ಎಲ್ಲರದು. ಎಲ್ಲರದು ಅಂದ ಮೇಲೆ ಯಾರಿಗೆ ಬಂಡವಾಳ ಇದೆಯೋ ಅವರದು. ಹೇಗಿದೆ ನೋಡಿ ನ್ಯಾಯ! ಮುಂಬಯಿ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೂ 2025ರ ಜುಲೈನಲ್ಲಿ ವಜಾ ಆಯಿತು. ಜಿಐ ನೋಂದಣಿಯ ಒಡೆಯರು ನೀವಲ್ಲ ಅಂತ ನ್ಯಾಯಾಲಯ ಅರ್ಜಿದಾರರಿಗೆ ಹೇಳಿತು.

ಆ ಒಡೆಯರು ಎರಡು ಸರ್ಕಾರಿ ನಿಗಮಗಳು: ಮಹಾರಾಷ್ಟ್ರದ ಲಿಡ್‌ಕಾಮ್, ಕರ್ನಾಟಕದ ಲಿಡ್ಕರ್. 2025ರ ಡಿಸೆಂಬರಿನಲ್ಲಿ ಪ್ರಾಡಾ ಈ ಎರಡರ ಜೊತೆ ಒಪ್ಪಂದ ಮಾಡಿಕೊಂಡಿತು. ಎರಡೂ ರಾಜ್ಯಗಳಲ್ಲಿ 2,000 ಜೋಡಿ ಮಾಡಿಸುವುದು, ಜೋಡಿಗೆ ಸುಮಾರು 800 ಯೂರೋದಂತೆ ಮಾರುವುದು ಅಂತ ಆಗ ಹೇಳಿದರು. ನಮ್ಮ ರೂಪಾಯಿಯಲ್ಲಿ ಅದು 80 ಸಾವಿರಕ್ಕೂ ಮೇಲೆ. ಅಂದರೆ ಒಟ್ಟು 16 ಲಕ್ಷ ಯೂರೋದ ಮಾಲು. ಜೊತೆಗೆ ನಮ್ಮ ಕಸುಬುದಾರರಿಗೆ 'ತರಬೇತಿ' ಕೊಡುವ ಮಾತೂ ಇದೆ.

ಇದನ್ನು ಪೂರ್ತಿ ತಳ್ಳಿಹಾಕಬೇಕು ಅಂತ ನಾವು ಹೇಳುವುದಿಲ್ಲ. ಕೆಲಸ ಬಂದರೆ ಒಲೆ ಉರಿಯುತ್ತದೆ. ಆದರೆ ಯಾರು ಯಾರಿಗೆ ತರಬೇತಿ ಕೊಡಬೇಕು? ಆಕೃತಿಯನ್ನು ಎತ್ತಿಕೊಂಡು ಹೋದವರು, ಆಕೃತಿಯನ್ನು ಕಟ್ಟಿದವರಿಗೆ! ಇನ್ನೊಂದು ಪ್ರಶ್ನೆ. ಅಟ್ಟೆಯ ಮೇಲೆ ಕಂಪನಿಯ ಹೆಸರು ಅಚ್ಚಾಗುತ್ತದೆ. ಅದರ ಕೆಳಗೆ ಹೊಲಿದವಳ ಹೆಸರು ಅಚ್ಚಾಗುತ್ತದೆಯೇ? ಕವಿತೆಯ ಕೆಳಗೆ ಕವಿಯ ಹೆಸರು ತಪ್ಪಿದರೆ ನಾವು ಸಂಪಾದಕರ ಜೊತೆ ಜಗಳಕ್ಕೆ ನಿಲ್ಲುತ್ತೇವಲ್ಲ?

3

ಈಗ ನಮ್ಮ ಹುಡುಗಿಯ ಲೆಕ್ಕಕ್ಕೆ ಬರೋಣ. 'ಸ್ವತಂತ್ರ ಡಿಸೈನರ್' ಅನ್ನೋ ಮಾತು ಕೇಳಲಿಕ್ಕೆ ಚಂದ. ಆ ಸ್ವಾತಂತ್ರ್ಯಕ್ಕೆ ಎಷ್ಟು ರೂಪಾಯಿ ಅಂತ ಅವಳ ನೋಟ್‌ಬುಕ್ಕಿನಲ್ಲಿದೆ.

ಐದು ನಮೂನೆ. ಒಂದೊಂದು ನಮೂನೆಗೆ ಆರು ಅಳತೆ. ಒಂದೊಂದು ಅಳತೆಗೆ ಮೂರು ಜೋಡಿ. ಒಟ್ಟು 90 ಜೋಡಿ. ತೊಗಲು, ಅಟ್ಟೆ, ಮುತ್ಯಾನ ಕೂಲಿ, ಹೆಣೆದ ಹೆಂಗಸರ ಕೂಲಿ ಸೇರಿ ಜೋಡಿಗೆ 700. ಮೊದಲ ಜೋಡಿ ಮಾರುವ ಮುಂಚೆಯೇ 63,000 ರೂಪಾಯಿ ಕಟ್ಟಿ ಹಾಕಿದ ಹಾಗಾಯಿತು. ಸ್ವಸಹಾಯ ಸಂಘದಿಂದ ಅವಳ ಅವ್ವ ತೆಗೆದ ಸಾಲ ಅದು. ಬೆಂಗಳೂರಿನ ಅಂಗಡಿಯವರು 2,000 ರೂಪಾಯಿಗೆ ಮಾರುತ್ತಾರೆ, ಅರ್ಧ ತಾವು ಇಟ್ಟುಕೊಳ್ಳುತ್ತಾರೆ. ಅದೂ ಮಾರಿದ ಮೇಲೆ ಕೊಡುವುದು. ಮಾರದಿದ್ದರೆ ಬಿಸಿಲಿಗೆ ಬಣ್ಣ ಹೋದ ಮಾಲು ವಾಪಸ್ಸು. 90ರಲ್ಲಿ 70 ಜೋಡಿ ಮಾರಿದವು. ಬಂದದ್ದು 70,000. ಖರ್ಚು 63,000 ಕಳೆದರೆ ಉಳಿದದ್ದು 7,000. ಎಂಟು ತಿಂಗಳ ದುಡಿಮೆಗೆ ಏಳು ಸಾವಿರ. ಬಸ್ಸಿನ ಚಾರ್ಜು, ಮಳಿಗೆ ಬಾಡಿಗೆ, ಡಬ್ಬಿ, ಫೋಟೋದ ಖರ್ಚು ಇದರಲ್ಲಿ ಸೇರಿಲ್ಲ. ಅವಳ ಸ್ವಂತ ಕೂಲಿಯಂತೂ ಸೇರಿಯೇ ಇಲ್ಲ.

ಬೆಲೆ ಏರಿಸು ಅನ್ನುತ್ತಾರೆ. 2025ರ ಸೆಪ್ಟೆಂಬರಿನಿಂದ ಜೋಡಿಗೆ 2,500 ರೂಪಾಯಿವರೆಗಿನ ಪಾದರಕ್ಷೆಗೆ ಜಿಎಸ್‌ಟಿ ಶೇ. 5. ಅದನ್ನು ದಾಟಿದರೆ ಶೇ. 18. ಬೆಲೆ ಸ್ವಲ್ಪ ಏರಿಸಿದರೆ ತೆರಿಗೆ ಮೂರು ಪಟ್ಟಿಗೂ ಮೇಲೆ ಏರುತ್ತದೆ. ಎಂಬತ್ತು ಸಾವಿರದ ಚಪ್ಪಲಿ ಕೊಳ್ಳುವವನಿಗೆ ಈ ಲೆಕ್ಕ ಇಲ್ಲ. ಮೂರು ಸಾವಿರದ ಚಪ್ಪಲಿ ಕೊಳ್ಳುವ ಮಾಸ್ತರನಿಗೆ ಇದೆ.

ಪಕ್ಕದ ಮಳಿಗೆಯ ಹುಡುಗಿಗೂ ಮೊದಲ ವರ್ಷ ನಷ್ಟವೇ ಆಯಿತಂತೆ. ಆದರೆ ಅವಳಿಗೆ ಮೂರು ವರ್ಷ ನಷ್ಟ ತಡೆದುಕೊಳ್ಳುವ ಅಪ್ಪ ಇದ್ದಾನೆ. ಇರಲಿಕ್ಕೆ ಊರಲ್ಲೇ ಮನೆ ಇದೆ. ಫೋಟೋ ತೆಗೆಯುವ ಗೆಳೆಯ ಇದ್ದಾನೆ. ಅಂಗಡಿಯವರ ಜೊತೆ ಇಂಗ್ಲಿಷಿನಲ್ಲಿ ಚೌಕಾಸಿ ಮಾಡುವ ಬಾಯಿ ಇದೆ. ಆ ಹುಡುಗಿಯ ಮೇಲೆ ನಮಗೆ ಸಿಟ್ಟಿಲ್ಲ, ಅವಳ ಪ್ರತಿಭೆಯ ಬಗ್ಗೆ ಅನುಮಾನವೂ ಇಲ್ಲ. ನಾವು ಹೇಳುವುದು ಇಷ್ಟು: 'ಸ್ವತಂತ್ರ' ಅಂದರೆ ಯಾರನ್ನೂ ನೆಚ್ಚದವರು ಅಂತಲ್ಲ. ನೆಚ್ಚಲಿಕ್ಕೆ ಅಪ್ಪನ ಆಸ್ತಿ ಇದ್ದವರು ಅಂತ. ಅಪ್ಪನ ಆಸ್ತಿ ಇಲ್ಲದವರು ಅದೇ ಕೆಲಸ ಮಾಡಿದರೆ 'ಆರ್ಟಿಸನ್', 'ಕುಶಲಕರ್ಮಿ'. ಮೊದಲನೆಯವರಿಗೆ ತಲೆ ಇದೆ ಅಂತ ಒಪ್ಪುತ್ತಾರೆ. ಎರಡನೆಯವರಿಗೆ ಕೈ ಮಾತ್ರ ಇದೆ ಅನ್ನುತ್ತಾರೆ.

ಫ್ಯಾಷನ್ ಡಿಸೈನರ್ ಅನ್ನೋ ಪದವಿ ನಮ್ಮ ದೇಶದಲ್ಲಿ ಬೇರೂರಿದ್ದು ಇತ್ತೀಚೆಗೆ. ದಿಲ್ಲಿಯಲ್ಲಿ ನಿಫ್ಟ್ ಶುರುವಾದದ್ದು 1986ರಲ್ಲಿ. ಅಲ್ಲಿ ಮೊದಲ ಇಂಡಿಯಾ ಫ್ಯಾಷನ್ ವೀಕ್ ನಡೆದದ್ದು 2000ದಲ್ಲಿ. ಅದಕ್ಕಿಂತ ಮುಂಚೆ ಈ ದೇಶದ ಜನ ಬತ್ತಲೆ ತಿರುಗುತ್ತಿದ್ದರೇ? ಬರಿಗಾಲಲ್ಲಿದ್ದರೇ? ಇಳಕಲ್ಲಿನ ಸೀರೆಗೆ ತೋಪು ಸೆರಗನ್ನು ಯಾರು ವಿನ್ಯಾಸ ಮಾಡಿದರು? ಲಂಬಾಣಿ ಹೆಂಗಸಿನ ರವಿಕೆಯ ಮೇಲೆ ಕನ್ನಡಿ ಎಲ್ಲಿ ಕೂರಬೇಕು ಅಂತ ಯಾರು ತೀರ್ಮಾನ ಮಾಡಿದರು? 1936ರ ತನ್ನ ಪುಸ್ತಕದಲ್ಲಿ ಅಂಬೇಡ್ಕರ್ ಜಾತಿಯ ಗುಟ್ಟು ಬಿಚ್ಚಿಟ್ಟರು: ಅದು ಕೆಲಸವನ್ನಷ್ಟೇ ಹಂಚುವುದಿಲ್ಲ, ದುಡಿಯುವವರನ್ನೇ ಒಬ್ಬರ ಕೆಳಗೆ ಒಬ್ಬರಂತೆ ನಿಲ್ಲಿಸುತ್ತದೆ. ಆ ಪ್ರದರ್ಶನದ ಎರಡು ಫಲಕಗಳಲ್ಲಿ ನಾವು ಕಂಡದ್ದು ಅದನ್ನೇ. ಅಕ್ಷರ ಹೊಸದು, ಚೌಕಟ್ಟು ಹಳೆಯದು.

4

ಈ ಚೌಕಟ್ಟಿಗೆ ತಲೆ ಕೊಟ್ಟು ಡಿಕ್ಕಿ ಹೊಡೆದವರೂ ಇದ್ದಾರೆ. ಮುಂಬಯಿಯ ಕಲಾವಿದ ಸುಧೀರ್ ರಾಜ್‌ಭರ್ ತನ್ನ ಸಂಸ್ಥೆಗೆ ಇಟ್ಟ ಹೆಸರು 'ಚಮಾರ್ ಸ್ಟುಡಿಯೋ'. ಮಹಾರಾಷ್ಟ್ರದಲ್ಲಿ 2015ರಲ್ಲಿ ಎತ್ತು, ಹೋರಿಗಳ ವಧೆಯನ್ನೂ ನಿಷೇಧ ಮಾಡಿದಾಗ ಧಾರಾವಿಯ ತೊಗಲಿನ ಕೆಲಸಗಾರರ ಹೊಟ್ಟೆಗೆ ಪೆಟ್ಟು ಬಿತ್ತು. ರಾಜ್‌ಭರ್ ಅವರ ಜೊತೆ ಕೂತು, ತೊಗಲಿನ ಬದಲು ಮರುಬಳಕೆಯ ರಬ್ಬರಿನಲ್ಲಿ ಚೀಲ ಹೊಲಿಸಿದ. 2024ರ ಡಿಸೆಂಬರಿನಲ್ಲಿ ಅಮೆರಿಕದ ಡಿಸೈನ್ ಮಯಾಮಿ ಮೇಳದಲ್ಲಿ ಅವನ ಕುರ್ಚಿಗಳನ್ನು ಜಗತ್ತು ನೋಡಿತು.

ಬೈಗುಳವಾಗಿ ಆಡಿದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಕೇಸಾಗುವ ಶಬ್ದ ಅದು. ಆ ಶಬ್ದವನ್ನೇ ಎತ್ತಿ ಅಂಗಡಿಯ ಬೋರ್ಡಿಗೆ ಹಾಕಿದ್ದಾನೆ. ಕೊಳ್ಳುವವರು ಆ ಹೆಸರನ್ನು ಬಾಯಿ ತುಂಬ ಹೇಳಿ ಕೊಳ್ಳಬೇಕು. ಕವಿಗಳಾಗಿ ನಾವು ಇದಕ್ಕೆ ಶರಣು ಅನ್ನುತ್ತೇವೆ. ನಮ್ಮ ಕಾವ್ಯ ಐವತ್ತು ವರ್ಷಗಳಿಂದ ಮಾಡಿಕೊಂಡು ಬಂದ ಕೆಲಸವೇ ಇದು, ಬೈಗುಳವನ್ನು ಕಿತ್ತುಕೊಂಡು ಹೆಸರು ಮಾಡಿಕೊಳ್ಳುವುದು.

ಆದರೆ ವಿಮರ್ಶೆ ಶರಣು ಹೇಳಿ ಸುಮ್ಮನಾಗಬಾರದು. ಶ್ರೀಮಂತರ ಮನೆಯ ಹಾಲಿನಲ್ಲಿ ಆ ಕುರ್ಚಿ ಕೂತ ಮೇಲೆ ಹೆಸರಿನ ಖಾರ ಉಳಿಯುತ್ತದೆಯೇ, ಇಲ್ಲ ಅದೂ ಒಂದು ಅಲಂಕಾರ ಆಗುತ್ತದೆಯೇ? ಒಬ್ಬ ರಾಜ್‌ಭರ್ ಮಯಾಮಿ ಮುಟ್ಟಿದ್ದರಿಂದ ಅಥಣಿಯ ಹುಡುಗಿಗೆ ಸಾಲದ ಬಡ್ಡಿ ಕಮ್ಮಿಯಾಗುವುದಿಲ್ಲ. ಒಬ್ಬೊಬ್ಬರ ಗೆಲುವು ದಾರಿ ಇದೆ ಅಂತ ತೋರಿಸುತ್ತದೆ. ದಾರಿ ಕಡಿಯುವ ಕೆಲಸ ಸಂಘಟನೆಯದು.

5

ಇಲ್ಲಿ ನಮ್ಮ ಸಂಗಾತಿಗಳೇ ಒಂದು ಪ್ರಶ್ನೆ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. "ಓದಿದ ಹುಡುಗಿ ಮತ್ತೆ ಅಡಿಗಲ್ಲಿನ ಮುಂದೆ ಯಾಕೆ ಕೂಡಬೇಕು? ಆ ಆರಿ, ರಂಪಿಗೆಗಳನ್ನು ಬಾವಿಗೆ ಎಸೆಯಿರಿ ಅಂತ ಅಲ್ಲವೇ ನಾವು ಕಲಿತದ್ದು?"

ಹೌದು. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಅಂದರು. ಅದೇ ವರ್ಷ ಡಿಸೆಂಬರಿನಲ್ಲಿ ಅಲ್ಲೇ ಹೆಂಗಸರಿಗೆ, ಜಾತಿ ಗುರುತಾಗುವ ಹಾಗೆ ಸೀರೆ ಉಡುವುದನ್ನು ಬಿಡಿ, ಆ ಭಾರದ ಬೆಳ್ಳಿ ಆಭರಣ ಬಿಡಿ ಅಂದರು. ಉಡುಪು ಅಂದರೆ ರಾಜಕೀಯ ಅಂತ ಅವರಿಗೆ ಗೊತ್ತಿತ್ತು. ಅವರ ಕೋಟು, ಟೈ, ಬೂಟು ನಮ್ಮ ಊರೂರಿನ ಪ್ರತಿಮೆಗಳಲ್ಲಿ ಇವತ್ತಿಗೂ ಮಾತಾಡುತ್ತಿವೆ. ತಿರುವಾಂಕೂರಿನ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಟ್ಟಲೆ ಬಡಿದಾಡಿದ ಮೇಲೆ 1859ರಲ್ಲಿ ರಾಜ ಅನುಮತಿ ಕೊಟ್ಟ. ಫ್ಯಾಷನ್ ಅಂದರೆ ಶೋಕಿ ಅಂತ ನಗುವವರು ಈ ಚರಿತ್ರೆ ಓದಲಿ.

ಕಸುಬು ಬಿಡುವುದು ಸುಲಭವೂ ಇರಲಿಲ್ಲ, ಹಿಡಿದುಕೊಳ್ಳುವುದೂ ಸುಲಭ ಇಲ್ಲ. 2016ರ ಜುಲೈನಲ್ಲಿ ಗುಜರಾತಿನ ಉನಾದಲ್ಲಿ ಸತ್ತ ದನದ ತೊಗಲು ಸುಲಿದ ನಮ್ಮ ಹುಡುಗರನ್ನು ಬಟ್ಟೆ ಬಿಚ್ಚಿಸಿ ಹೊಡೆದರು. ನಮ್ಮಲ್ಲೂ 2021ರಲ್ಲಿ ಜಾರಿಯಾದ ಗೋಹತ್ಯೆ ನಿಷೇಧ ಕಾಯ್ದೆಯ ಮೇಲೆ ತೊಗಲು ಸಾಗಿಸುವವನ ಎದೆಯಲ್ಲಿ ಭಯ ಹೊಕ್ಕಿದೆ. ತೊಗಲು ಮುಟ್ಟಿದವನಿಗೆ ಬೆತ್ತ, ಅದೇ ತೊಗಲಿಗೆ ಮಿಲಾನಿನಲ್ಲಿ ಚಪ್ಪಾಳೆ!

ಹರಳಯ್ಯನ ಕತೆ ಎಲ್ಲರಿಗೂ ಗೊತ್ತು. ಬಸವಣ್ಣ ಎರಡು ಸಲ ಶರಣು ಅಂದದ್ದಕ್ಕೆ ಋಣ ತೀರಿಸಲು ಗಂಡ ಹೆಂಡತಿ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತ. ದೊಡ್ಡ ಕತೆ. ಆದರೆ ನಾವು ಈ ಕತೆಯನ್ನು ಕೇಳುತ್ತ ಬೆಳೆದವರು ಒಂದು ಮಾತು ಹೇಳಬೇಕು. ನಮ್ಮ ಕೆಲಸವನ್ನು ತಲೆಯ ಮೇಲೆ ಹೊರುವುದು ಬೇಡ. ಕಾಲಿಗೆ ಹಾಕಿಕೊಳ್ಳಿ, ಬೆಲೆ ಕೊಡಿ. ನಮ್ಮ ಚರ್ಮ ಸುಲಿದು ಕೊಡುವ ಭಕ್ತಿಯ ಕಾಲ ಮುಗಿಯಿತು.

ಹಾಗಾಗಿ ನಮ್ಮ ಉತ್ತರ ಇದು. ಕಸುಬು ಬೇರೆ, ಕಸುಬಿಗೆ ಕಟ್ಟಿ ಹಾಕುವುದು ಬೇರೆ. ಹುಟ್ಟಿನಿಂದ ಬಂದ ಆರಿಯನ್ನು ಎಸೆಯುವ ಹಕ್ಕು ನಮಗೆ ಬೇಕು. ಓದಿ, ಯೋಚನೆ ಮಾಡಿ, ಬೇಕು ಅನ್ನಿಸಿದರೆ ಅದನ್ನು ಕೈಗೆ ತಗೊಳ್ಳುವ ಹಕ್ಕೂ ಬೇಕು. ನಮ್ಮ ಹುಡುಗಿ ತಗೊಂಡದ್ದು ಎರಡನೆಯದು. ಅವಳನ್ನು ಹಿಂದಕ್ಕೆ ಹೋದಳು ಅನ್ನಬೇಡಿ.

6

ಹೊಟ್ಟೆಪಾಡಿನ ಮಾತಿಗೆ ಮಾತಷ್ಟೇ ಸಾಲದು. ಅವಳ ಜೊತೆ, ಅವಳ ಮುತ್ಯಾನ ಜೊತೆ ಕೂತು ನಾವು ಕಂಡುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಇಡುತ್ತೇವೆ. ಹಳ್ಳಿಯ ಮಾಸ್ತರರು ತಮ್ಮ ಊರಿನ ಹುಡುಗರಿಗೆ ಹೇಳಲಿ.

ಒಂದು. ಮುತ್ಯಾ ಎಂದೂ 90 ಜೋಡಿ ಮಾಡಿ ಗಿರಾಕಿಗಾಗಿ ಕಾದವನಲ್ಲ. ಗಿರಾಕಿಯ ಪಾದವನ್ನು ಕಾಗದದ ಮೇಲೆ ಇಡಿಸಿ ಸುತ್ತ ಗೆರೆ ಎಳೆದು, ಮುಂಗಡ ಇಸಕೊಂಡು, ಆಮೇಲೆ ತೊಗಲು ಕತ್ತರಿಸುತ್ತಿದ್ದ. ಬಂಡವಾಳ ಇಲ್ಲದವನ ಜಾಣತನ ಅದು. ನಮೂನೆಗೆ ಒಂದೇ ಜೋಡಿ ಮಾಡಿ ತೋರಿಸುವುದು, ಅರ್ಧ ಹಣ ಮೊದಲು ತಗೊಂಡು ಹೊಲಿಯುವುದು. 63,000 ಕಟ್ಟಿ ಹಾಕುವ ಗೋಜು ತಪ್ಪುತ್ತದೆ. ಕಾಗದದ ಪಾದ ಈಗ ಅಂಚೆಯಲ್ಲೂ ಬರಬಹುದು.

ಎರಡು. ಹೊಸ ಆಕೃತಿ ಕಟ್ಟಿದರೆ ಪ್ರದರ್ಶನಕ್ಕೆ ಒಯ್ಯುವ ಮುಂಚೆಯೇ ಡಿಸೈನ್ ನೋಂದಣಿಗೆ ಅರ್ಜಿ ಹಾಕಬೇಕು. ಮೊದಲೇ ಜಗತ್ತಿಗೆ ತೋರಿಸಿಬಿಟ್ಟರೆ ಕಾನೂನಿನ ಕಣ್ಣಲ್ಲಿ ಅದು ಹೊಸದಾಗಿ ಉಳಿಯುವುದಿಲ್ಲ.

ಮೂರು. ಜಿಐ ಅಡಿಯಲ್ಲಿ 'ಅಧಿಕೃತ ಬಳಕೆದಾರ' ಅಂತ ಹೆಸರು ಬರೆಸಿಕೊಳ್ಳಬೇಕು. ಗಂಡಸರ ಹೆಸರು ಮಾತ್ರ ಅಲ್ಲ, ಹೆಣೆಯುವ ಅವ್ವ, ಅಕ್ಕಂದಿರ ಹೆಸರೂ ಬೇಕು. ಒಪ್ಪಂದ ಮಾಡುವಾಗ ನಿಗಮದವರು ಇವರನ್ನು ಕೂರಿಸಿಕೊಂಡು ಮಾತಾಡಬೇಕು. ಜೋಡಿಗೆ ಎಷ್ಟು ಕೂಲಿ ಅಂತ ಕನ್ನಡದಲ್ಲಿ ಬರೆದು ಓಣಿಯ ಗೋಡೆಗೆ ಹಚ್ಚಬೇಕು.

ನಾಲ್ಕು. ಅಟ್ಟೆಯ ಮೇಲೆ ಹೆಸರು. ಕಂಪನಿಯ ಹೆಸರು ಇರಲಿ, ಊರಿನ ಹೆಸರು ಇರಲಿ, ಮಾಡಿದವರ ಹೆಸರೂ ಇರಲೇಬೇಕು.

ಇಷ್ಟರಿಂದ ಅವಳು ಬದುಕುತ್ತಾಳೆ ಅಂತ ನಾವು ಸುಳ್ಳು ಭರವಸೆ ಕೊಡುವುದಿಲ್ಲ. ಸಾಲ ಇನ್ನೂ ಇದೆ. ಮುಂದಿನ ದೀಪಾವಳಿವರೆಗೆ ನೋಡುತ್ತೇನೆ, ಆಗದಿದ್ದರೆ ಕಂಪನಿ ನೌಕರಿ ಹಿಡಿಯುತ್ತೇನೆ ಅಂತ ಅವಳೇ ಹೇಳಿದ್ದಾಳೆ. ಹಿಡಿದರೆ ಅದು ಅವಳ ಸೋಲಲ್ಲ. ಅವಳ ಚಪ್ಪಲಿಯನ್ನು ಓದಲಾರದ, ಕೊಳ್ಳಲಾರದ ನಮ್ಮೆಲ್ಲರ ಸೋಲು.

ಮೊನ್ನೆ ಅವಳ ಮನೆಗೆ ಹೋಗಿದ್ದೆವು. ಹೊಸ ನಮೂನೆಯ ಒಂದು ಜೋಡಿ ಅಡಿಗಲ್ಲಿನ ಮೇಲಿತ್ತು. ಅಟ್ಟೆಯ ಒಳಗೆ ಕಾಯಿಸಿದ ಕಬ್ಬಿಣದಿಂದ ಎರಡು ಹೆಸರು ಸುಟ್ಟಿದ್ದಳು, ಕನ್ನಡದಲ್ಲಿ. ಒಂದು ಅವಳದು, ಒಂದು ಅವಳ ಮುತ್ಯಾನದು. ಮುತ್ಯಾನಿಗೆ ಓದಲಿಕ್ಕೆ ಬರುವುದಿಲ್ಲ. ಬೆರಳಿನಿಂದ ಆ ಅಕ್ಷರಗಳನ್ನು ಸವರಿ ಕೇಳಿದ:

"ಇದರಾಗ ನಂದು ಯಾವುದವ್ವಾ?"

ಅವಳು ಅವನ ಬೆರಳು ಹಿಡಿದು ತೋರಿಸಿದಳು.